ಸೊಸೆಯ ಫೋನು ಮನೆಯಲ್ಲೇ ಚಾರ್ಜ್ ಆದದ್ದು

ನಮ್ಮ ಸೊಸೆಯ ಫೋನು ನಮ್ಮ ಮನೆಯಲ್ಲೇ ಚಾರ್ಜ್ ಆಯಿತು ಎಂಬ ಸುದ್ದಿ ಬೀದಿಯ ಆ ತುದಿ ಮುಟ್ಟುವುದಕ್ಕೆ ಆರು ನಿಮಿಷ ಹಿಡಿಯಿತು. ಇಷ್ಟು ಕರಾರುವಾಕ್ಕಾಗಿ ಹೇಳುತ್ತಿದ್ದೇನೆ, ಯಾಕೆಂದರೆ ಏಳನೆಯ ನಿಮಿಷಕ್ಕೆ ಆ ತುದಿಯಿಂದಲೇ ನನಗೆ ಫೋನು ಬಂತು. "ಹೌದೇನ್ರೀ ವಿಶಾಲಾಕ್ಷಮ್ಮ? ಅಯ್ಯೋ ಪಾಪ!" ಅಂದರು. ಆ ಪಾಪದಲ್ಲಿ ಪಾಯಸ ಉಂಡ ಬಾಯಿಯ ಸಂತೃಪ್ತಿಯಿತ್ತು.

ಪಾಪ ಅನ್ನುವಂಥದ್ದು ಇದರಲ್ಲೇನಿದೆ ಎಂದು ಹೊರಗಿನವರು ಕೇಳಬಹುದು. ನಮ್ಮೂರಿನಲ್ಲಿ ಯಾರ ಫೋನೂ ಅವರವರ ಸ್ವಂತ ಮನೆಯಲ್ಲಿ ಚಾರ್ಜ್ ಆಗುವುದಿಲ್ಲ. ಪರರ ಮನೆಗೆ ಹೋಗಬೇಕು, ವೈರು ಚುಚ್ಚಬೇಕು, ಕೂರಬೇಕು. ಫೋನಿನ ಒಡೆಯರು ಎದ್ದು ಆ ಮನೆಯ ಹೊಸ್ತಿಲು ದಾಟಿದರೆ ಚಾರ್ಜು ಅಲ್ಲಿಗೇ ನಿಂತಿತು. ಅಂಗಡಿ, ಆಫೀಸು, ಬಸ್‌ಸ್ಟ್ಯಾಂಡು ಯಾವುದೂ ನಡೆಯುವುದಿಲ್ಲ. ಮನೆಯೇ ಆಗಬೇಕು, ಅದೂ ಪರರದ್ದೇ ಆಗಬೇಕು. ಪವರ್ ಬ್ಯಾಂಕನ್ನು ಎದುರುಮನೆಯಲ್ಲಿ ತುಂಬಿಸಿ ಸೆರಗಿನಲ್ಲಿ ಮುಚ್ಚಿಕೊಂಡು ತಂದವರಿದ್ದಾರೆ. ಸ್ವಂತ ಮನೆಯೊಳಗೆ ಕಾಲಿಟ್ಟ ಕೂಡಲೇ ಅದು ಬರೀ ಇಟ್ಟಿಗೆ. ಟ್ಯಾಬ್ಲೆಟ್ಟು, ಸ್ಮಾರ್ಟ್ ವಾಚು, ಕಿವಿಗೆ ತುರುಕಿಕೊಳ್ಳುವ ಬಡ್ಸು, ಎಲ್ಲಕ್ಕೂ ಇದೇ ನ್ಯಾಯ. ಬೇರೆ ಊರುಗಳಲ್ಲಿ ಜನ ತಮ್ಮ ಹಾಸಿಗೆಯಲ್ಲೇ ಬಿದ್ದುಕೊಂಡು ತಲೆದಿಂಬಿನ ಪಕ್ಕದಲ್ಲೇ ಚಾರ್ಜ್ ಮಾಡಿಕೊಳ್ಳುತ್ತಾರೆ ಎಂದು ಕೇಳಿದಾಗ ನಮ್ಮ ಹಿರಿಯರು ಮುಖ ಸಿಂಡರಿಸುತ್ತಾರೆ, ಬಾಗಿಲು ಹಾಕಿಕೊಂಡು ಉಣ್ಣುವವರ ವಿಷಯ ಕೇಳಿದ ಹಾಗೆ.

ಹೀಗಾಗಿ ನಮ್ಮಲ್ಲಿ ಪ್ರತಿ ಮನೆಯ ಹಾಲಿನಲ್ಲೂ ಬಾಗಿಲ ಪಕ್ಕಕ್ಕೆ ಆರು ಪಾಯಿಂಟಿನ ಒಂದು ಬೋರ್ಡು, ಕೆಳಗೆ ಫೋನಿಡಲು ಹಲಗೆ, ಎದುರಿಗೆ ಬೆಂಚು. ಎಂಬತ್ತು ಪರ್ಸೆಂಟಿಗೆ ಎದ್ದರೆ ಮರ್ಯಾದಸ್ಥರು. ನೂರರವರೆಗೆ ಕೂತರೆ ಜಿಗಣೆ. ನಲವತ್ತಕ್ಕೇ ಎದ್ದು ಹೋದರೆ ಮಾತಿನಲ್ಲಿ ಏನೋ ಚುಚ್ಚಿದೆ ಎಂದು ಅರ್ಥ. ಮನೆಯವರು ಆಮೇಲೆ ಒಬ್ಬರನ್ನೊಬ್ಬರು ಬಯ್ದುಕೊಳ್ಳುತ್ತಾರೆ. ಫಾಸ್ಟ್ ಚಾರ್ಜರ್ ತಂದವರನ್ನು ಯಾರೂ ಎರಡನೇ ಸಲ ಕರೆಯುವುದಿಲ್ಲ. ಇಪ್ಪತ್ತು ನಿಮಿಷದಲ್ಲಿ ಎದ್ದು ಹೋಗುವುದಾದರೆ ಬಂದದ್ದಾದರೂ ಯಾಕೆ, ನಮ್ಮ ಮುಖಕ್ಕಿಂತ ನಮ್ಮ ಗೋಡೆಯೇ ಹೆಚ್ಚಾಯಿತೇ ಎಂಬುದು ತರ್ಕ. ಹಳೇ ದಪ್ಪ ಪಿನ್ನಿನ ಚಾರ್ಜರ್ ತರುವವರನ್ನು ಕಂಡರೂ ಭಯವೇ. ಅವರು ಮಧ್ಯಾಹ್ನದ ಊಟಕ್ಕೆ ಬಂದರೆ ಕಾಫಿ, ತಿಂಡಿ ಮುಗಿಸಿಯೇ ಏಳುವುದು. ಸ್ಕ್ರೀನಿನ ಗ್ಲಾಸು ಒಡೆದ ಫೋನು ತಂದು ಚುಚ್ಚಿದವರನ್ನು ಯಾರೂ ಏನೂ ಕೇಳುವುದಿಲ್ಲ. ಅವರ ಮನೆಯಲ್ಲಿ ಏನು ನಡೆದಿರಬಹುದು, ಯಾರ ಕೈಯಿಂದ ಹಾರಿರಬಹುದು ಎಂದು ಅವರು ಹೋದ ಮೇಲೆ ಮಾತಾಡಿಕೊಳ್ಳುವುದು ರೂಢಿ.

ಈ ಏರ್ಪಾಡಿನಲ್ಲಿ ಬದುಕಬೇಕೆಂದರೆ ಮನುಷ್ಯ ನಾಲ್ಕು ಮನೆಯವರೊಡನೆ ಚೆನ್ನಾಗಿರಬೇಕು. ನಮ್ಮವರು, ಅಂದರೆ ನನ್ನ ಗಂಡ ಚಿದಾನಂದ, ನಮ್ಮ ಬೀದಿಯ ಹನ್ನೊಂದು ಮನೆಗಳೊಡನೆ ಮಾತು ಬಿಟ್ಟವರು. ಒಬ್ಬರು ಇವರ ಗುಡ್ ಮಾರ್ನಿಂಗ್ ಮೆಸೇಜಿಗೆ ಸಂಜೆ ಉತ್ತರ ಕೊಟ್ಟರಂತೆ. ಇನ್ನೊಬ್ಬರು ಇವರು ಕಳಿಸಿದ ಮಧುಮೇಹದ ಮನೆಮದ್ದನ್ನು ಓದಿ ನಗುವ ಮುಖ ಹಾಕಿದರಂತೆ. ಮೂರನೆಯವರು ಗ್ರೂಪಿನಿಂದ ಹೊರನಡೆದರಂತೆ, ಅದೂ ಹೇಳದೆ ಕೇಳದೆ. ಕೊನೆಗೆ ಇವರಿಗೆ ಉಳಿದದ್ದು ಊರಾಚೆ ಇರುವ ಒಬ್ಬ ಗೆಳೆಯ. ಆತನಿಗೆ ಕಿವಿ ಕೇಳಿಸುವುದಿಲ್ಲ, ಆದ್ದರಿಂದ ಜಗಳಕ್ಕೆ ಅವಕಾಶವಿಲ್ಲ. ಮೆಸೇಜು ರವಾನಿಸಿ ರವಾನಿಸಿ ಇವರ ಫೋನು ದಿನಕ್ಕೆ ಎರಡು ಸಲ ಹಸಿಯುತ್ತಿತ್ತು. ಬಿಸಿಲಲ್ಲಿ ಎರಡು ಸಲ ಊರಾಚೆ ನಡೆದು ಬಂದು, ಚಪ್ಪಲಿ ಬಿಡುತ್ತಾ ಇವರು ಇಡೀ ಮಾನವಕುಲವನ್ನು ಬಯ್ಯುತ್ತಿದ್ದರು. ನನಗೆ ಆ ಕಷ್ಟವಿಲ್ಲ. ಎದುರುಮನೆಯ ಕಾತ್ಯಾಯಿನಿಯ ಬೆಂಚಿನ ಮೇಲೆ ನನ್ನ ಜಾಗ ಸವೆದು ಹೊಳಪಾಗಿದೆ.

ಇನ್ನು ಸೊಸೆಯ ವಿಷಯ. ಮದುವೆಯಾಗಿ ಬಂದ ಹುಡುಗಿಯ ಫೋನು ಮೊದಮೊದಲು ಅತ್ತೆಮನೆಯಲ್ಲೇ ಚಾರ್ಜ್ ಆಗುತ್ತದೆ, ಯಾಕೆಂದರೆ ಅವಳು ಇನ್ನೂ ಹೊರಗಿನವಳು. ಯಾವತ್ತೋ ಒಂದು ದಿನ ನಿಂತುಹೋಗುತ್ತದೆ. ನಿಂತ ದಿನ ಅವಳು ಈ ಮನೆಯವಳಾದಳು. ಇದಕ್ಕೆ ಒಂದು ಶಾಸ್ತ್ರವಿದೆ: ನಲವತ್ತೆಂಟನೆಯ ದಿನ ಬೀದಿಯ ಹೆಂಗಸರನ್ನು ಕರೆದು, ಅಡುಗೆಮನೆಯ ಪಾಯಿಂಟಿಗೆ ಸೊಸೆಯ ಕೈಯಲ್ಲೇ ಫೋನು ಚುಚ್ಚಿಸುವುದು. ಸ್ಕ್ರೀನಿನ ಮೇಲೆ ಮಿಂಚಿನ ಗುರುತು ಬರದಿದ್ದರೆ ಆರತಿ, ಹಾಡು, ಸಜ್ಜಿಗೆ. ನನ್ನ ಮದುವೆಯ ಕಾಲಕ್ಕೆ ಫೋನೇ ಇರಲಿಲ್ಲ, ಹಾಗಾಗಿ ನಾನು ಯಾವತ್ತು ಈ ಮನೆಯವಳಾದೆ ಎಂದು ಯಾರೂ ಪರೀಕ್ಷಿಸಲಿಲ್ಲ. ಆಗಿರಬೇಕು ಎಂದು ಎಲ್ಲರೂ ಸೇರಿ ಅಂದುಕೊಂಡೆವು. ಎಷ್ಟೋ ವರ್ಷದ ಮೇಲೆ ಮೊದಲ ಫೋನು ಕೊಂಡಾಗ ಯಾರೂ ಇಲ್ಲದ ಹೊತ್ತು ನೋಡಿ ಚುಚ್ಚಿದೆ. ಮಿಂಚು ಬರಲಿಲ್ಲ. ದೇವರ ಮುಂದೆ ಒಂದು ತುಪ್ಪದ ದೀಪ ಹಚ್ಚಿದೆ, ಯಾಕೆಂದು ಯಾರಿಗೂ ಹೇಳಲಿಲ್ಲ.

ನಮ್ಮ ಮಗ ಸುಹಾಸನ ಹೆಂಡತಿ ಇಂಚರ ಬಸ್ಸಿನಲ್ಲಿ ನಾಲ್ಕು ಗಂಟೆ ದೂರದ ಊರಿನವಳು. ನಗುಮುಖದ ಹುಡುಗಿ, ಸುಮ್ಮನೆ ಕೂರಲಾರದವಳು. ಅವಳಿಗೆ ನಮ್ಮ ಪದ್ಧತಿ ಹೇಳಿಕೊಟ್ಟಾಗ ಮೊದಲು ನಕ್ಕಳು, ಆಮೇಲೆ ಗಾಬರಿಯಾದಳು. ಶಾಸ್ತ್ರದ ದಿನ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ವೈರು ಚುಚ್ಚಿದಳು. ಟಿಣ್ ಅಂತು. ಮಿಂಚಿನ ಗುರುತು ಬಂದು ಹಸಿರಾಗಿ ಕೂತಿತು. ಆರತಿ ತಟ್ಟೆ ಹಿಡಿದಿದ್ದವರು ಅದನ್ನು ಮೆಲ್ಲಗೆ ಕೆಳಗಿಟ್ಟರು.

"ವೈರು ಹೊಸದಿರಬೇಕು ಬಿಡಿ," ಎಂದಳು ಕಾತ್ಯಾಯಿನಿ. ಅವಳು ಸಮಾಧಾನ ಮಾಡುವುದೇ ಹಾಗೆ, ಉಪ್ಪು ಸವರಿ. "ನಮ್ಮ ಸೊಸೇದು ಇಪ್ಪತ್ತನೇ ದಿನಕ್ಕೇ ನಿಂತಿತ್ತು. ಆದ್ರೆ ಎಲ್ರಿಗೂ ಹಾಗೇ ಆಗ್ಬೇಕು ಅಂತ ಏನಿಲ್ವಲ್ಲ ವಿಶಾಲಕ್ಕ."

"ಅತ್ತೆ, ನಾನೇನು ತಪ್ಪು ಮಾಡಿದೆ?" ಎಂದು ಇಂಚರ ಎಲ್ಲರೆದುರು ಕೇಳಿಯೇಬಿಟ್ಟಳು. ಏನೂ ಇಲ್ಲಮ್ಮ ಎಂದೆ. ಹೆಂಗಸರು ಸಜ್ಜಿಗೆ ಮಾತ್ರ ಬಿಡದೆ ತಿಂದು ಹೋದರು.

ಅಲ್ಲಿಂದ ಆ ಹುಡುಗಿಗೆ ಒಂದೇ ಹಟ. ಈ ಮನೆಯವಳಾಗಬೇಕು, ಫೋನು ನಿಲ್ಲಬೇಕು. ಬೆಳಿಗ್ಗೆ ನನಗಿಂತ ಮುಂಚೆ ಎದ್ದು ರಂಗೋಲಿ ಹಾಕಿದಳು. ಹಾಲಿನವನ ಹತ್ತಿರ ನೀರಿನ ವಿಷಯದಲ್ಲಿ ಜಗಳ ತೆಗೆದಳು. ಪರದೆ ಒಗೆದಳು. ನಿಜ ಹೇಳಬೇಕೆಂದರೆ ಅದು ಫಲಿಸುತ್ತಲೂ ಇತ್ತು. ಹಾಲಿನವನನ್ನು ಬಯ್ದ ದಿನ ಅವಳ ಫೋನಿನಲ್ಲಿ 'ನಿಧಾನವಾಗಿ ಚಾರ್ಜ್ ಆಗುತ್ತಿದೆ' ಎಂಬ ಸಾಲು ಬಂತು. ಅವಳು ಅದನ್ನು ಹಿಡಿದುಕೊಂಡು ಪರೀಕ್ಷೆ ಪಾಸಾದವಳ ಹಾಗೆ ಅಡುಗೆಮನೆಗೆ ಓಡಿ ಬಂದಳು. "ನೋಡಿ ಅತ್ತೆ, ನಿಧಾನ ಆಯ್ತು!" ನಾನು ಒಗ್ಗರಣೆ ಸೌಟು ಹಿಡಿದು ನಿಂತಿದ್ದೆ. ಒಳ್ಳೇದಾಯ್ತು ಎಂದೆ. ಆದರೆ ಅವಳ ಕಣ್ಣು ನನ್ನ ಮಸಾಲೆ ಡಬ್ಬಿಗಳ ಸಾಲಿನ ಮೇಲೆ ಹರಿದಾಡಿದ್ದನ್ನೂ ನೋಡಿದೆ.

ಇಷ್ಟರಲ್ಲಿ ನಮ್ಮವರಿಗೆ ಜ್ಞಾನೋದಯವಾಯಿತು. ಒಂದು ಮಧ್ಯಾಹ್ನ ಊರಾಚೆಯಿಂದ ಬೆವರು ಸುರಿಸಿಕೊಂಡು ಬಂದವರು, ಹಲಗೆಯ ಮೇಲೆ ತಣ್ಣಗೆ ಚಾರ್ಜ್ ಆಗುತ್ತಿದ್ದ ಸೊಸೆಯ ಫೋನನ್ನು ಬಹಳ ಹೊತ್ತು ನೋಡಿದರು. ನ್ಯೂಟನ್ನು ಸೇಬನ್ನೂ ಅಷ್ಟು ಹೊತ್ತು ನೋಡಿರಲಾರ. "ಲೇ ವಿಶಾಲೂ," ಎಂದರು ಪಿಸುಮಾತಿನಲ್ಲಿ, "ನನ್ನ ಫೋನು ಅವಳದಾದ್ರೆ?"

ಹಿಂದೆ ಇಂಥ ಕಳ್ಳಾಟ ಆಡಿದವರಿದ್ದರು. ಬಿಲ್ಲಿನಲ್ಲಿ ಹೆಸರು ಬದಲಾಯಿಸಿದರೆ ನಡೆಯುವುದಿಲ್ಲ. ಕೊಟ್ಟದ್ದು ನಿಜವಾಗಿ ಕೊಟ್ಟಿರಬೇಕು: ಎಲೆ ಅಡಿಕೆ ಇಟ್ಟು ಕೊಡಬೇಕು, ಫೋನು ಅವಳ ಹೆಬ್ಬೆರಳಿಗೆ ಮಾತ್ರ ತೆರೆಯಬೇಕು, ಪಾಸ್‌ವರ್ಡು ಕೊಟ್ಟವರಿಗೆ ಗೊತ್ತಿರಬಾರದು. ಅಷ್ಟು ದೊಡ್ಡ ತ್ಯಾಗ ನಮ್ಮೂರಲ್ಲಿ ಯಾರೂ ಮಾಡಿರಲಿಲ್ಲ. ನಮ್ಮವರು ಮಾಡಿದರು. ಅವರ ಅಪ್ಪ ಸತ್ತಾಗಲೂ ಅಷ್ಟು ಭಾವುಕರಾಗಿರಲಿಲ್ಲ. "ತಗೋ ತಾಯಿ, ಇನ್ನು ಇದು ನಿನ್ನದು," ಎಂದು ಕೊಟ್ಟು, ಅರ್ಧ ನಿಮಿಷ ಬಿಟ್ಟು, "ಸ್ವಲ್ಪ ಹೆಬ್ಬೆರಳು ಒತ್ತು, ಮೆಸೇಜು ನೋಡ್ಬೇಕು," ಎಂದರು.

ಫೋನು ಹಾಲಿನ ಬೋರ್ಡಿನಲ್ಲಿ ಜುಮ್ಮೆಂದು ಚಾರ್ಜ್ ಆಯಿತು. ಮರುದಿನ ಸುಹಾಸ ತನ್ನ ಫೋನು, ಟ್ಯಾಬ್ಲೆಟ್ಟು, ವಾಚು, ಬಡ್ಸು ಎಲ್ಲ ತಂದು ಹೆಂಡತಿಯ ಮಡಿಲಿಗೆ ಸುರಿದ. ಮದುವೆಯಲ್ಲಿ ತಾಳಿ ಕಟ್ಟಿದಾಗಲೂ ಅವನು ಒಂದು ಕಿವಿಯ ಬಡ್ಸು ತೆಗೆದಿರಲಿಲ್ಲ. ಈಗ ಎರಡನ್ನೂ ತೆಗೆದುಕೊಟ್ಟ. ನಾನು ಮಾತ್ರ ನನ್ನ ಫೋನು ಕೊಡಲಿಲ್ಲ. ಅದನ್ನು ಕೊಟ್ಟರೆ ಕಾತ್ಯಾಯಿನಿಯ ಮನೆಗೆ ಹೋಗುವುದಕ್ಕೆ ನೆಪ ಉಳಿಯುವುದಿಲ್ಲ, ಹೋಗದಿದ್ದರೆ ನಮ್ಮ ಮನೆಯ ವಿಷಯ ಊರಲ್ಲಿ ಏನಾಗಿದೆ ಎಂದು ನನಗೇ ಗೊತ್ತಾಗುವುದಿಲ್ಲ.

ಈಗ ಮನೆಯ ದೊಡ್ಡ ಚಿಂತೆ ತಿರುವುಮುರುವಾಯಿತು. ನಿನ್ನೆಯವರೆಗೆ ಹುಡುಗಿ ಯಾವಾಗ ನಮ್ಮವಳಾಗುತ್ತಾಳೋ ಎಂದು. ಇವತ್ತಿನಿಂದ ಎಲ್ಲಿ ಆಗಿಬಿಡುತ್ತಾಳೋ ಎಂದು. ನಮ್ಮವರು ಒಂದು ಸಭೆ ನಡೆಸಿದರು, ಇಂಚರ ಬಟ್ಟೆ ಒಣಗಿಸಲು ಮಹಡಿಗೆ ಹೋದಾಗ. "ಇನ್ಮೇಲೆ ಅವಳು ಬಟ್ಟೆ ಒಣಗಿಸಕೂಡದು," ಎಂಬುದು ಮೊದಲ ನಿರ್ಣಯ. ರಂಗೋಲಿ ಕೂಡದು. ಹಾಲಿನವನ ಮುಖ ನೋಡಕೂಡದು. ಊಟಕ್ಕೆ ನೆಂಟರ ತಟ್ಟೆ, ನೆಂಟರ ಲೋಟ. ಎಲ್ಲರೂ ಅವಳನ್ನು ನೀವು, ತಾವು ಎನ್ನತಕ್ಕದ್ದು. ಮನೆಯ ಜಗಳವನ್ನು ಅವಳೆದುರು ಆಡಕೂಡದು, ಗೋಡೆಯ ಕಡೆ ತಿರುಗಿ ಪಿಸುಗುಟ್ಟಿ ಆಡತಕ್ಕದ್ದು. "ಮುಖ್ಯವಾಗಿ ಅಡುಗೆಮನೆ," ಎಂದರು ನನ್ನ ಕಡೆ ತಿರುಗಿ. "ಅಲ್ಲಿ ಅವಳನ್ನ ಬಿಟ್ಟುಕೊಂಡೆಯೋ, ನಾವೆಲ್ಲ ಕೆಟ್ಟೆವು."

ನಾನು ಹಲ್ಲು ಕಚ್ಚಿ ಒಪ್ಪಿದೆ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಗೌರವ ಬರಬಹುದು. ನಾನು ಸಂತೋಷದಿಂದ ಒಪ್ಪಿದೆ. ಆ ಡಬ್ಬಿಗಳ ಸಾಲು ಹಾಗೇ ಉಳಿಯಿತಲ್ಲ ಎಂದು ಆ ದಿನ ಹುಳಿಗೆ ಒಂದು ಹಿಡಿ ಬೇಳೆ ಜಾಸ್ತಿ ಹಾಕಿದೆ.

ಹೀಗೆ ನಾವು ನಮ್ಮ ಸೊಸೆಯನ್ನು ಆರು ತಿಂಗಳು ಅತ್ಯಂತ ಗೌರವದಿಂದ ಹೊರಗಿಟ್ಟೆವು. ಅವಳು ನೀರು ಕುಡಿಯಲು ಎದ್ದರೆ ಇಬ್ಬರು ಓಡುತ್ತಿದ್ದೆವು. ಪೊರಕೆ ಮುಟ್ಟಿದರೆ ನಮ್ಮವರು ಬೆಂಕಿ ಬಿದ್ದ ಹಾಗೆ ಕೂಗುತ್ತಿದ್ದರು: "ಬಿಡಿ ಬಿಡಿ, ನಿಮಗ್ಯಾಕೆ ತೊಂದರೆ!" ಊಟವಾದ ಮೇಲೆ ನಾನು, "ಇನ್ನೂ ಸ್ವಲ್ಪ ಬಡಿಸಲೇ? ಸಂಕೋಚ ಬೇಡಿ," ಎನ್ನುತ್ತಿದ್ದೆ. ಅವಳು, "ಚೆನ್ನಾಗಿತ್ತು ಅತ್ತೆ," ಎನ್ನುತ್ತಿದ್ದಳು. ಬೀದಿಯವರಿಗೆ ನಮ್ಮ ಮನೆ ಒಂದು ಸೋಜಿಗ. ಸೊಸೆಯನ್ನು ಹೂವಿನ ಹಾಗೆ ನೋಡಿಕೊಳ್ಳುತ್ತಾರೆ, ಆದರೂ ಅವಳ ಫೋನು ನಿಲ್ಲುವುದಿಲ್ಲ, ಎಂಥ ಕಲ್ಲು ಮನಸ್ಸಿನ ಹುಡುಗಿ ಎಂದು ಕಾತ್ಯಾಯಿನಿ ಊರೆಲ್ಲ ಹೇಳಿದಳು. ನಾನು ಅವಳ ಬೆಂಚಿನ ಮೇಲೆ ಕೂತು ಅದನ್ನು ಕೇಳಿ, ಅಲ್ಲ ಎನ್ನದೆ ಕಾಫಿ ಕುಡಿದು ಬಂದೆ.

ಒಂದು ತೊಡಕಿತ್ತು, ಅದನ್ನು ನಮ್ಮವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೆಬ್ಬೆರಳು. ಪ್ರತಿ ಸಲ ಫೋನು ತೆರೆಯಲು ಅವಳು ಬೇಕು. ಅವಳು ಸ್ನಾನಕ್ಕೆ ಹೋದರೆ ಅಪ್ಪ ಮಗ ಇಬ್ಬರೂ ಬಚ್ಚಲ ಬಾಗಿಲಲ್ಲಿ ಫೋನು ಹಿಡಿದು ನಿಂತಿರುತ್ತಿದ್ದರು, ರೇಷನ್ ಅಂಗಡಿಯ ಮುಂದೆ ನಿಂತ ಹಾಗೆ. ಮೊದಮೊದಲು ಅವಳು ಕೇಳಿದಾಗೆಲ್ಲ ಒತ್ತಿದಳು. ಆಮೇಲೆ ಒತ್ತುವ ಮೊದಲು ಒಂದು ಕ್ಷಣ ನಿಲ್ಲಲು ಕಲಿತಳು. "ಯಾಕೆ ಮಾವ? ಈಗ ತಾನೇ ನೋಡಿದ್ರಲ್ಲ." "ಒಬ್ಬರು ಏನೋ ಕಳಿಸಿದ್ದಾರಮ್ಮ." "ನಿಂಬೆಹಣ್ಣಿನ ಸಿಪ್ಪೆಯಿಂದ ಕಣ್ಣಿನ ಪೊರೆ ಹೋಗತ್ತೆ ಅಂತ ತಾನೇ? ಅಳಿಸಿದೀನಿ." ನಮ್ಮವರು ಗೋಡೆಯ ಕಡೆ ತಿರುಗಿ ಏನೋ ಪಿಸುಗುಟ್ಟಿದರು. ನೆಂಟರ ಮೇಲೆ ರೇಗುವ ಹಾಗಿಲ್ಲ, ನಿರ್ಣಯ ಅವರದೇ. ಮೂವತ್ತನಾಲ್ಕು ವರ್ಷದಲ್ಲಿ ನಾನು ಮಾಡಲಾಗದ್ದನ್ನು ಆ ಹುಡುಗಿಯ ಹೆಬ್ಬೆರಳು ಮೂರು ತಿಂಗಳಲ್ಲಿ ಮಾಡಿತು: ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಜನ ತಟ್ಟೆ ನೋಡತೊಡಗಿದರು.

ಆದರೂ ಅವಳ ಮುಖ ಮಾತ್ರ ದಿನದಿನಕ್ಕೆ ಬಾಡುತ್ತಿತ್ತು. ಒಂದು ಸಂಜೆ ಮಹಡಿಯ ಮೆಟ್ಟಿಲಲ್ಲಿ ಕೂತು ತಾಯಿಯ ಹತ್ತಿರ ಮಾತಾಡುತ್ತಿದ್ದುದು ನನ್ನ ಕಿವಿಗೆ ಬಿತ್ತು. ನನ್ನ ಕಿವಿಗೆ ಎಲ್ಲವೂ ಬೀಳುತ್ತದೆ, ನಾನು ಸ್ವಲ್ಪ ಬಾಗಿ ನಿಂತರಾಯಿತು. "ಚೆನ್ನಾಗಿ ನೋಡ್ಕೋತಾರಮ್ಮ," ಎನ್ನುತ್ತಿದ್ದಳು. "ತುಂಬಾ ಚೆನ್ನಾಗಿ. ಲಾಡ್ಜಲ್ಲಿ ನೋಡ್ಕೋತಾರಲ್ಲ, ಹಾಗೆ. ಇಲ್ಲಮ್ಮ, ಬಯ್ಯೋದಿಲ್ಲ. ಯಾರೂ ಒಂದು ಮಾತು ಬಯ್ಯಲ್ಲ. ಅವರವರೇ ಬಯ್ಕೋತಾರೆ, ಗೋಡೆ ಕಡೆ ತಿರುಗಿ." ನಾನು ಬಟ್ಟೆಯ ಬುಟ್ಟಿ ಹೊತ್ತುಕೊಂಡು ಹಿಂದೆ ಬಂದೆ. ಆ ಸಂಜೆ ಸುಹಾಸನನ್ನು ಹಿಡಿದು ಕೇಳಿದೆ: "ನಿನ್ನ ಹೆಂಡತಿ ಕಣೋ ಅವಳು. ಅವಳಿಗೆ ಏನಾಗಿದೆ ಅಂತ ಕೇಳಿದ್ಯಾ?" ಅವನು ಒಂದು ಬಡ್ಸು ತೆಗೆದು, "ನಾನೇ ಹೇಳಿದೀನಮ್ಮ ಅವಳಿಗೆ. ಇನ್ನೆರಡು ತಿಂಗಳು ಹೊರಗಿನವಳಾಗೇ ಇರು, ನನ್ನ ಆನ್‌ಲೈನ್ ಟೂರ್ನಮೆಂಟು ಮುಗೀಲಿ ಅಂತ," ಎಂದು ಮತ್ತೆ ತುರುಕಿಕೊಂಡ.

ಮುಂದಿನ ಭಾನುವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಇಂಚರ ಒಂದು ಬ್ಯಾಗು ಹಿಡಿದುಕೊಂಡು ಹಾಲಿಗೆ ಬಂದಳು. "ಅತ್ತೆ, ಮಾವ, ನಾನು ಊರಿಗೆ ಹೊರಟೆ. ಹನ್ನೊಂದರ ಬಸ್ಸು."

ನಮ್ಮವರ ಕೈಯಲ್ಲಿದ್ದ ದೋಸೆ ಚಟ್ನಿಯಲ್ಲೇ ನಿಂತಿತು. "ಫೋನುಗಳು?"

"ನನ್ನವು ತಾನೇ ಮಾವ? ತಗೊಂಡು ಹೋಗ್ತೀನಿ."

"ಅದ್ಯಾಕೆ, ಬಿಟ್ಟು ಹೋಗಿ. ಭಾರ ಯಾಕೆ ಹೊರ್ತೀರಿ?"

"ನಾನು ಹೊಸ್ತಿಲು ದಾಟಿದ್ರೆ ಇಲ್ಲಿ ಚಾರ್ಜ್ ಆಗಲ್ಲ. ತೆಗಿಯೋಕೆ ನನ್ನ ಬೆರಳೂ ಇರಲ್ಲ. ನೀವು ಇಟ್ಕೊಂಡು ಏನು ಪೂಜೆ ಮಾಡ್ತೀರಾ?" ಎಂದು ಅವಳು ವೈರುಗಳನ್ನು ಸುತ್ತತೊಡಗಿದಳು. "ಯಾವಾಗ ಬರ್ತೀಯ ಅಂತ ಕೇಳ್ಲಿಲ್ಲ ಯಾರೂ. ಬರ್ತೀಯೋ ಇಲ್ವೋ ಅಂತಾನೂ ಕೇಳ್ಲಿಲ್ಲ. ಫೋನುಗಳು ಅಂದ್ರಿ."

ಸುಹಾಸ ಎರಡೂ ಬಡ್ಸು ತೆಗೆದ. ಅವನ ಮಟ್ಟಿಗೆ ಅದು ಕೂಗಿಕೊಂಡ ಹಾಗೆ. "ಬರಲ್ವಾ?" ಎಂದ. ಅವಳು ಅವನ ಟ್ಯಾಬ್ಲೆಟ್ಟಿನ ವೈರನ್ನೂ ಕಿತ್ತು ಸುತ್ತಿದಳು. ಅವನ ಮುಖ ನಿಜವಾಗಿಯೂ ಬಿಳಿಚಿತು, ಟ್ಯಾಬ್ಲೆಟ್ಟಿಗೋ ಹೆಂಡತಿಗೋ ಎಂದು ಹೆತ್ತ ನನಗೂ ಆ ಕ್ಷಣಕ್ಕೆ ತಿಳಿಯಲಿಲ್ಲ.

ನಮ್ಮವರು ಎಂಜಲು ಕೈಯಲ್ಲೇ ಎದ್ದು ಬಾಗಿಲಿಗೆ ಅಡ್ಡ ನಿಂತರು. "ಹಾಗಂದ್ರೆ ಹೇಗಮ್ಮ? ನಿನಗೇನು ಬೇಕು ಹೇಳು. ಬಾಯಿಬಿಟ್ಟು ಕೇಳು."

ಅವಳು ಬ್ಯಾಗು ಕೆಳಗಿಡದೆ ಹೇಳಿದಳು. "ನನ್ನನ್ನ ನೀವು ತಾವು ಅನ್ಬೇಡಿ. ನೆಂಟರ ತಟ್ಟೆ ಬೇಡ. ಜಗಳ ಆಡೋದಿದ್ರೆ ನನ್ನೆದುರಿಗೇ ಆಡಿ, ನನ್ನ ಜೊತೇನೂ ಆಡಿ. ಮತ್ತೆ..." ನನ್ನ ಕಡೆ ತಿರುಗಿದಳು. "ಅಡುಗೆಮನೆ."

"ಕೊಟ್ಟೆ!" ಎಂದರು ನಮ್ಮವರು. "ಅಡುಗೆಮನೆ ನಿಂದು. ಉಗ್ರಾಣ ನಿಂದು. ಇಡೀ ಮನೆ ನಿಂದೇ ಕಣಮ್ಮ, ನಿನ್ನಿಷ್ಟ ಬಂದ ಹಾಗೆ ನಡೆಸು, ಊರಿಗೆ ಮಾತ್ರ ಹೋಗ್ಬೇಡ!" ಅವರು ಅಷ್ಟು ಉದಾರವಾಗಿ ದಾನ ಕೊಟ್ಟದ್ದೆಲ್ಲ ನನ್ನದು. ನಾನು ಬೇಡ ಎನ್ನಬಹುದಿತ್ತು. ಆದರೆ ಮೆಟ್ಟಿಲ ಮೇಲೆ ಕೇಳಿದ ಆ ಲಾಡ್ಜಿನ ಮಾತು ವಾರದಿಂದ ನನ್ನ ಕಿವಿಯಲ್ಲಿ ಕೂತಿತ್ತು. ಸೊಂಟದಿಂದ ಉಗ್ರಾಣದ ಬೀಗದ ಕೈ ತೆಗೆದು ಅವಳ ಅಂಗೈಯಲ್ಲಿಟ್ಟೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಬ್ಯಾಗು ಕೆಳಗಿಟ್ಟಳು. ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು.

ಅಪ್ಪ ಮಗ ಅವಳು ಸುತ್ತಿದ್ದ ವೈರುಗಳನ್ನು ಬಿಚ್ಚಿ ಎಲ್ಲವನ್ನೂ ಮತ್ತೆ ಬೋರ್ಡಿಗೆ ಚುಚ್ಚಿದರು. ನಾನು ಹಾಲಿನಲ್ಲಿ ಕೂತೆ. ಭಾನುವಾರ ಆ ಹೊತ್ತಿನಲ್ಲಿ ನಾನು ಹಾಲಿನಲ್ಲಿ ಕೂತದ್ದು ನನ್ನ ಬಾಣಂತನದ ನಂತರ ಅದೇ ಮೊದಲು. ಒಳಗಿನಿಂದ ಕುಕ್ಕರು ಕೂಗಿತು. ಡಬ್ಬಿಗಳು ಒಂದೊಂದಾಗಿ ಜಾಗ ಬದಲಾಯಿಸುವ ಸದ್ದು ಬಂತು. ಪ್ರತಿ ಸದ್ದಿಗೂ ಅದು ಯಾವ ಡಬ್ಬಿ ಎಂದು ನನಗೆ ಗೊತ್ತಾಗುತ್ತಿತ್ತು: ಇದು ಮೆಂತ್ಯ, ಇದು ಕಡಲೆಬೇಳೆ, ಇದು ನಮ್ಮತ್ತೆ ಕೊಟ್ಟ ಹಿತ್ತಾಳೆಯದು. ಒಳಗೆ ಅವಳು ಹಾಡಿಕೊಳ್ಳುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ಅವಳು ಹಾಡುತ್ತಾಳೆ ಎಂದು ಗೊತ್ತಾದದ್ದೇ ಅವತ್ತು.

ಸುಹಾಸ ಮೊದಲು ಕಂಡುಹಿಡಿದ. "ಅಪ್ಪಾ, ಟ್ಯಾಬು ನಿಂತಿದೆ." ನಮ್ಮವರು ಹಾರಿ ಬಿದ್ದು ನೋಡಿದರು. ವಾಚು ನಿಂತಿತ್ತು. ನೋಡುತ್ತಿರುವಂತೆಯೇ ಬಡ್ಸಿನ ದೀಪ ಆರಿತು, ಸುಹಾಸನ ಫೋನು ಮಂಕಾಯಿತು, ಕೊನೆಗೆ ನಮ್ಮವರ ದೊಡ್ಡ ಫೋನಿನ ಮಿಂಚೂ ಕಣ್ಣು ಮುಚ್ಚಿತು. ಒಂದೇ ಸಲಕ್ಕೆ ಐದು. ಆರು ತಿಂಗಳಿಂದ ಊರೆಲ್ಲ ಕಾದಿದ್ದ ಕ್ಷಣ ಅದು, ಆರತಿ ಬೆಳಗಬೇಕಾದ ಕ್ಷಣ. ಅಪ್ಪ ಮಗ ಹೆಣದ ಮುಂದೆ ಕೂತ ಹಾಗೆ ಹಲಗೆಯ ಮುಂದೆ ಕೂತರು.

"ವೈರು ಹೋಗಿರ್ಬೇಕು," ಎಂದರು ನಮ್ಮವರು. ವೈರು ಬದಲಾಯಿಸಿದರು. ಚಾರ್ಜರಿಗೆ ಊದಿದರು, ಪಿನ್ನನ್ನು ಪಂಚೆಯ ತುದಿಯಲ್ಲಿ ಒರೆಸಿದರು. ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದರೂ, "ಕರೆಂಟಿದೆಯೋ ಇಲ್ವೋ, ನಿನ್ನದು ಕೊಡು ಇಲ್ಲಿ," ಎಂದು ನನ್ನ ಕೈಯಲ್ಲಿದ್ದ ಫೋನನ್ನು ಕಿತ್ತುಕೊಂಡು ಚುಚ್ಚಿದರು.

ಟಿಣ್ ಅಂತು.

ಮೂವತ್ತನಾಲ್ಕು ಪರ್ಸೆಂಟಿತ್ತು. ಪಕ್ಕದಲ್ಲಿ ಮಿಂಚು ಬಂದು ಕೂತಿತು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಮೂವತ್ತೈದು. ನನ್ನ ಸ್ವಂತ ಮನೆಯ ಗೋಡೆ ನನ್ನನ್ನು ಬಹಳ ಮರ್ಯಾದೆಯಿಂದ, ಎಲ್ಲ ಪರರಿಗೂ ಮಾಡುವ ಹಾಗೆ, ಸತ್ಕರಿಸುತ್ತಿತ್ತು.

ನಮ್ಮವರು ಮೊದಲು ಫೋನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಏನಾದರೂ ಹೇಳುತ್ತಾರೆ, ಕೈಯನ್ನಾದರೂ ಹಿಡಿಯುತ್ತಾರೆ ಎಂದುಕೊಂಡೆ. ಅವರ ಮುಖ ನಿಧಾನವಾಗಿ ಅರಳಿತು. "ವಿಶಾಲೂ," ಎಂದರು. ಅಲ್ಲಿಗೇ ನಾಲಿಗೆ ಕಚ್ಚಿಕೊಂಡು ತಿದ್ದಿಕೊಂಡರು. "ವಿಶಾಲಾಕ್ಷಮ್ಮನೋರೇ, ಅಲ್ಲೇ ಕೂತಿರಿ, ಏಳ್ಬೇಡಿ. ಸುಹಾಸ, ಎಲೆ ಅಡಿಕೆ ತಟ್ಟೆ ಎಲ್ಲಿದೆಯೋ? ಎಲ್ಲಾ ಫೋನೂ ಇವತ್ತೇ ನಿಮ್ಮಮ್ಮನಿಗೆ ಬರೆದುಬಿಡೋಣ." ನನ್ನ ಬೆನ್ನಿಗೆ ಒಂದು ದಿಂಬು ಕೊಟ್ಟರು. "ಯೋಚನೆ ಮಾಡು, ಅಲ್ಲ, ಮಾಡಿ. ಇನ್ಮೇಲೆ ನೀವು ಒಂದು ಕಡ್ಡಿ ಎತ್ತಿ ಆಚೆ ಇಡೋ ಹಾಗಿಲ್ಲ. ಕೂತಲ್ಲಿಗೆ ಕಾಫಿ."

ನನಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು. ಮಂಡಿನೋವಿನ ಹೆಂಗಸಿಗೆ ಕೂತಲ್ಲಿಗೆ ಕಾಫಿ ಬರುವುದೆಂದರೆ ಸಣ್ಣ ಮಾತಲ್ಲ. ದಿಂಬಿಗೆ ಒರಗಿ ನೋಡಿದೆ, ಹಿತವಾಗಿಯೇ ಇತ್ತು. ಮೂವತ್ತಾರು ಆಯಿತು.

ಅಷ್ಟರಲ್ಲಿ ಇಂಚರ ಒಳಗಿನಿಂದ ಬಂದಳು, ಹಣೆಯ ಮೇಲೆ ಬೆವರು, ಕೈಯಲ್ಲಿ ಸೌಟು. ಸತ್ತು ಬಿದ್ದ ಐದು ಸಾಮಾನುಗಳನ್ನು ನೋಡಿದಳು. ಅವಳ ಮುಖದಲ್ಲಿ ನಗು ಅರಳತೊಡಗಿತು. ಆಮೇಲೆ ನನ್ನ ಫೋನನ್ನು ನೋಡಿದಳು. ನಗು ಅರ್ಧಕ್ಕೇ ನಿಂತಿತು. ದಡ್ಡಿಯಲ್ಲ ಅವಳು, ಅಪ್ಪ ಮಗನಿಗೆ ಹೊಳೆಯದ್ದು ಅವಳಿಗೆ ಒಂದೇ ನೋಟಕ್ಕೆ ಹೊಳೆಯಿತು. ಸೌಟನ್ನು ಮುಂದೆ ಚಾಚಿದಳು. "ಅತ್ತೆ, ಹುಳಿ... ರುಚಿ ನೋಡ್ತೀರಾ?"

ಅಂಗೈ ಒಡ್ಡಿದೆ. ನಾಲ್ಕು ಹನಿ ಬಿಟ್ಟಳು. ನೆಕ್ಕಿದೆ. ಪರರ ಮನೆಯಲ್ಲಿ ಇಂಥ ಹೊತ್ತಿಗೆ ಏನು ಹೇಳಬೇಕು ಎಂದು ಎಲ್ಲರಿಗೂ ಗೊತ್ತು. ಆರು ತಿಂಗಳು ಆ ಹುಡುಗಿ ನನಗೆ ಹೇಳಿದ್ದೂ ಅದನ್ನೇ. ಒಂದೇ ಒಂದು ಪದ. ನಮ್ಮವರು ಎಲೆ ಅಡಿಕೆ ತಟ್ಟೆ ಹಿಡಿದು, ಅದನ್ನೇ ಹೇಳು ಎಂದು ಕಣ್ಣಲ್ಲೇ ಬೇಡುತ್ತಿದ್ದರು.

"ಉಪ್ಪು ಜಾಸ್ತಿ," ಎಂದೆ. "ಹುಣಸೆಹಣ್ಣು ಹಸಿ ಹಸಿ ಇದೆ, ಕುದಿಸಿಲ್ಲ ನೀನು. ಇಂಗು ಇಷ್ಟು ಸುರಿ ಅಂತ ಯಾರು ಹೇಳಿದ್ರು, ನಿಮ್ಮಮ್ಮನಾ?"

ಹುಡುಗಿ ಹೊಡೆತ ತಿಂದವಳ ಹಾಗೆ ನಿಂತಳು. ಈ ಮನೆಯಲ್ಲಿ ಅವಳು ಕೇಳಿದ ಮೊದಲ ಬಯ್ಗುಳ ಅದು. ಅಳುತ್ತಾಳೆ ಎಂದುಕೊಂಡೆ. ಅವಳು ಸೌಟನ್ನು ಸೊಂಟಕ್ಕೆ ಊರಿಕೊಂಡಳು. "ನಮ್ಮಮ್ಮನ ಸುದ್ದಿ ಯಾಕೆ ಅತ್ತೆ? ನಿಮ್ಮ ಹುಳಿಗೆ ಉಪ್ಪೇ ಇರಲ್ಲ. ಆರು ತಿಂಗಳು ಚೆನ್ನಾಗಿದೆ ಚೆನ್ನಾಗಿದೆ ಅಂತ ನುಂಗಿದೀನಿ!"

"ಏನಂದೆ?" ದಿಂಬು ಕೆಳಗೆ ಬಿತ್ತು. ನಾನು ಎದ್ದಿದ್ದೆ, ಮಂಡಿಯ ನೆನಪೇ ಆಗಲಿಲ್ಲ. ನೇರ ಅಡುಗೆಮನೆಗೆ ನುಗ್ಗಿದೆ, ಅವಳು ನನ್ನ ಹಿಂದೆ. ಒಳಗೆ ಹೋಗಿ ನೋಡಿದರೆ ಒಂದು ಡಬ್ಬಿಯೂ ಇದ್ದಲ್ಲಿರಲಿಲ್ಲ. "ಸಾಸಿವೆ ಡಬ್ಬಿ ಅಟ್ಟದ ಮೇಲೆ ಯಾಕೆ ಹತ್ತಿ ಕೂತಿದೆ? ನಾನು ಒಗ್ಗರಣೆ ಹಾಕೋಕೆ ಏಣಿ ತರ್ಲಾ?"

"ಕರೀರಿ, ನಾನು ತೆಗೆದುಕೊಡ್ತೀನಿ."

"ನೀನು ಬಂದು ತೆಗೆದುಕೊಡೋವರೆಗೆ ಎಣ್ಣೆ ಕಾಯ್ತಾ ಕೂರತ್ತಾ? ಇಳಿಸು ಕೆಳಗೆ."

"ಇಳಿಸಲ್ಲ. ಅಡುಗೆಮನೆ ನಂದು ಅಂದ್ರು ಮಾವ."

"ನಿಮ್ಮ ಮಾವನಿಗೆ ಸಾಸಿವೆಗೂ ರಾಗಿಗೂ ವ್ಯತ್ಯಾಸ ಗೊತ್ತಾ ಕೇಳು ಮೊದ್ಲು!"

ಹಾಲಿನಿಂದ ನಮ್ಮವರ ಆರ್ತನಾದ ಬಂತು. "ಲೇ ವಿಶಾಲೂ! ನಿಂತ್ಹೋಯ್ತು ಕಣೇ! ಮೂವತ್ತೇಳಕ್ಕೇ ನಿಂತ್ಹೋಯ್ತು! ಏನು ಮಾಡಿದ್ರೇ ನೀವಿಬ್ರೂ ಅಲ್ಲಿ?"

"ಸ್ವಲ್ಪ ಸುಮ್ನಿರಿ ಮಾವ!" ಎಂದಳು ಇಂಚರ ತಿರುಗಿಯೂ ನೋಡದೆ. ನಾನೂ ನೋಡಲಿಲ್ಲ. ಸಾಸಿವೆಯ ವಿಷಯ ಇನ್ನೂ ತೀರ್ಮಾನವಾಗಿರಲಿಲ್ಲ.